ಗಂಗಾವತಿ ಗದ್ದೆಯ ಸಂವೇದಕ ಜಾಲ: ಸರಾಸರಿ ಬಿಟ್ಟು ಕನಿಷ್ಠ ಮಟ್ಟದತ್ತ

ತುಂಗಭದ್ರಾ ಎಡದಂಡೆ ನಾಲೆಯ ನೀರು ಉಣ್ಣುವ ಗಂಗಾವತಿ ಸೀಮೆಯ ಭತ್ತದ ಗದ್ದೆಯಲ್ಲಿ, ಯಾವ ಮಡಿಗೆ ಯಾವಾಗ ನೀರು ಬೇಕೆಂಬುದನ್ನು ಸಂವೇದಕಗಳೇ ತಮ್ಮೊಳಗೆ ಲೆಕ್ಕ ಹಾಕಿ ತಿಳಿಸಬೇಕೆಂಬುದು ಈ ಯೋಜನೆಯ ಗುರಿ. ಪ್ರತಿ ಮಡಿಯಲ್ಲೂ ತೂತು ಕೊರೆದ ಪಿವಿಸಿ ಪೈಪನ್ನು ಹೂತು, ನೀರಿನ ಮಟ್ಟ ಅಳೆಯುವ ಸಂವೇದಕ, ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಮತ್ತು 865 ಮೆಗಾಹರ್ಟ್ಸ್ ಆಸುಪಾಸಿನ ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ತಲುಪುವ) ರೇಡಿಯೊ ಜೋಡಿಸಿದ್ದೇನೆ. ಇಂಥ ಒಂದೊಂದು ಘಟಕವೂ ಜಾಲದ ಒಂದು ನೋಡ್. ಪೈಪಿನ ನೀರು ಮಣ್ಣಿನ ಮೇಲ್ಮೈಯಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ ನೀರು ಹಾಯಿಸಬೇಕೆಂಬುದು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೇಳುವ ಮಿತಿ. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಗದ್ದೆಯಲ್ಲಿ ನೀರು ನಿಂತಿರಲೇಬೇಕು.

ಎಲ್ಲ ಅಳತೆಗಳನ್ನೂ ಒಂದೇ ಕಡೆಗೆ ಕಳುಹಿಸಿದರೆ, ಕೇಂದ್ರಕ್ಕೆ ಹತ್ತಿರವಿರುವ ನೋಡ್‌ಗಳು ಉಳಿದವುಗಳ ಸಂದೇಶಗಳನ್ನೂ ಹೊರಬೇಕಾಗಿ, ಅವುಗಳ ಬ್ಯಾಟರಿಯೇ ಮೊದಲು ಬರಿದಾಗುತ್ತದೆ. ಒಂದು ಸಂದೇಶವನ್ನು ರೇಡಿಯೊದಲ್ಲಿ ಕಳುಹಿಸಲು ತಗಲುವ ವಿದ್ಯುತ್ತಿನಲ್ಲಿ ಪ್ರೊಸೆಸರ್ ಸಾವಿರಾರು ಲೆಕ್ಕಗಳನ್ನು ಮಾಡಬಲ್ಲದಾದ್ದರಿಂದ, ಲೆಕ್ಕ ಗದ್ದೆಯಲ್ಲೇ ಮುಗಿಯುವುದು ಲಾಭ.

ಮೊದಲು ಪರಿಶೀಲಿಸಿದ್ದು ಸಹಮತದ ಸರಾಸರಿಯನ್ನು. ಪ್ರತಿ ನೋಡ್ ತನ್ನ ಮೌಲ್ಯವನ್ನು ನೆರೆಯವರ ಮೌಲ್ಯದ ಕಡೆಗೆ ಸ್ವಲ್ಪ ಸ್ವಲ್ಪವೇ ಸರಿಸುತ್ತ ಹೋದರೆ, ಕೊನೆಗೆ ಎಲ್ಲವೂ ಒಂದೇ ಸಂಖ್ಯೆಗೆ ಬಂದು ನಿಲ್ಲುತ್ತವೆ. ಆದರೆ ಅದು ನಿಜವಾದ ಸರಾಸರಿಯಾಗಬೇಕಾದರೆ ಒಟ್ಟು ಮೊತ್ತ ಎಲ್ಲೂ ಕದಲಬಾರದು. ಒಂದು ನೋಡ್ ನೆರೆಯದರ ಮಾತು ಕೇಳಿಸಿಕೊಂಡು ತನ್ನ ಮೌಲ್ಯ ಬದಲಿಸಿ, ಆ ನೆರೆಯದಕ್ಕೆ ಇದರ ಸಂದೇಶ ತಲುಪದೇ ಹೋದರೆ ಮೊತ್ತವೇ ಬದಲಾಗುತ್ತದೆ. ಎಲ್ಲವೂ ಒಪ್ಪಿದ ಸಂಖ್ಯೆ ತಪ್ಪು ಸಂಖ್ಯೆಯಾಗಿರುತ್ತದೆ. ಎತ್ತರಕ್ಕೆ ಬೆಳೆದು ಇಬ್ಬನಿಯಲ್ಲಿ ತೊಯ್ದ ಪೈರಿನ ನಡುವೆ ಇಂಥ ಒಮ್ಮುಖ ಸಂಪರ್ಕ ಅಪರೂಪವಲ್ಲ.

ಅದಕ್ಕಿಂತ ಮುಖ್ಯವಾಗಿ, ಸರಾಸರಿಯು ಕೊನೆಯ ಮಡಿಯ ಒಣಗನ್ನು ಮರೆಮಾಚುತ್ತದೆ. ನೀರು ಮೊದಲು ತಪ್ಪುವುದು ಆ ಮಡಿಗೇ ಎಂಬುದು ಕಾಲುವೆಯ ಕೊನೆಯಲ್ಲಿ ಬೇಸಾಯ ಮಾಡುವವರಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಈಗ ಪ್ರತಿ ನೋಡ್ ತಾನು ಕಂಡ ಅಥವಾ ಕೇಳಿದ ಅತಿ ಕಡಿಮೆ ಮಟ್ಟವನ್ನು ಮಡಿಯ ಸಂಖ್ಯೆಯೊಂದಿಗೆ ಮುಂದಕ್ಕೆ ದಾಟಿಸುತ್ತದೆ. ಅದಕ್ಕಿಂತ ಕಡಿಮೆ ಕೇಳಿಬಂದಾಗ ಮಾತ್ರ ಮತ್ತೆ ಪ್ರಸಾರ ಮಾಡುತ್ತದೆ. ಒಂದೇ ಸಂದೇಶ ಎರಡು ದಾರಿಯಲ್ಲಿ ಬಂದರೆ ಮೊತ್ತ ಎರಡು ಬಾರಿ ಎಣಿಕೆಯಾಗುತ್ತದೆ, ಕನಿಷ್ಠ ಮಾತ್ರ ಕೆಡುವುದಿಲ್ಲ. ನೀರು ಹಾಯಿಸಿದ ಮೇಲೂ ಹಳೆಯ ಕನಿಷ್ಠ ಜಾಲದಲ್ಲಿ ಸುತ್ತುತ್ತಿರಬಾರದೆಂದು ಪ್ರತಿ ಸಂದೇಶಕ್ಕೂ ಅದು ಎಷ್ಟನೆಯ ಸುತ್ತಿನ ಅಳತೆ ಎಂಬ ಸಂಖ್ಯೆ ಸೇರಿಸಿದ್ದೇನೆ.

ಉಳಿದಿರುವುದು ಗಡಿಯಾರದ ಪ್ರಶ್ನೆ: ಬ್ಯಾಟರಿ ಉಳಿಸಲು ನಿದ್ರಿಸುವ ನೋಡ್‌ಗಳು ಪರಸ್ಪರ ಸಂದೇಶ ಕೇಳಿಸಿಕೊಳ್ಳಲು ಒಂದೇ ಹೊತ್ತಿಗೆ ಏಳಬೇಕು. ಇಎಸ್‌ಪಿ32 ಗಾಢ ನಿದ್ರೆಯಲ್ಲಿ ಸಮಯ ಎಣಿಸಲು ಬಳಸುವ ಒಳಗಿನ ಆಂದೋಲಕ ಉಷ್ಣಾಂಶ ಬದಲಾದಂತೆ ಜಾರುತ್ತದೆ. ನಮ್ಮ ಕಡೆಯ ಬಿಸಿಲಿಗೆ ನೋಡ್‌ಗಳು ಒಟ್ಟಿಗೆ ಏಳುವುದು ಕಷ್ಟ. 0ಯಿಂದ 40 ಡಿಗ್ರಿ ಸೆಲ್ಸಿಯಸ್‌ವರೆಗೆ ದಶಲಕ್ಷದಲ್ಲಿ 2 ಭಾಗದಷ್ಟು ಮಾತ್ರ ತಪ್ಪುವ ಡಿಎಸ್3231 ಗಡಿಯಾರ ಚಿಪ್ಪನ್ನು ಈಗ ಜೋಡಿಸುತ್ತಿದ್ದೇನೆ. ಅದು ಕೂತ ಮೇಲೆ ಪ್ರತಿ ಸುತ್ತಿನ ಎಚ್ಚರದ ಅವಧಿಯನ್ನು ಎಷ್ಟು ಕಿರಿದಾಗಿಸಬಹುದೆಂದು ಅಳೆಯಬೇಕು.