ಆ ಎತ್ತು ನಿಜವಾಗಿ ಎದ್ದು ನಿಂತಿತೇ?

ಮೇರಿ ಫೀಲ್ಡಿಂಗ್ ಸ್ಮಿತ್ ಬಗ್ಗೆ ಬರೆದಾಗಲೆಲ್ಲ ಬರುವ ಪ್ರಶ್ನೆ ಇದು. ಗೊತ್ತಿಲ್ಲದವರಿಗೆ ಎರಡು ಮಾತು: 1848ರಲ್ಲಿ, ಅಮೆರಿಕದ ಮಾರ್ಮನ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ಗಂಡನಿಲ್ಲದ ಈ ಹೆಂಗಸು ಮಕ್ಕಳನ್ನು ಕರೆದುಕೊಂಡು ಮಿಸ್ಸೂರಿ ನದಿಯ ದಡದಿಂದ ಸಾಲ್ಟ್ ಲೇಕ್ ಕಣಿವೆಗೆ ಗಾಡಿ ಕಟ್ಟಿಕೊಂಡು ಹೊರಟಳು. ಸುಮಾರು 1,650 ಕಿಲೋಮೀಟರ್ ದಾರಿ. ನಡುವೆ ಒಂದು ಎತ್ತು ಕುಸಿದು ಬಿತ್ತು. ತಂಡದ ನಾಯಕ ಅದು ಸತ್ತಿತೆಂದೇ ಕೈಬಿಟ್ಟ. ಮೇರಿ ಪ್ರಾರ್ಥನೆಯ ಎಣ್ಣೆ ತಂದು ಅಣ್ಣನ ಕೈಗೆ ಕೊಟ್ಟಳು. ತಲೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿದ ಮೇಲೆ ಎತ್ತು ಎದ್ದು ನಡೆಯಿತು.

ಇದನ್ನು ಹೇಳಿದವನು ಆಕೆಯ ಮಗ ಜೋಸೆಫ್ ಎಫ್. ಸ್ಮಿತ್. ಆಗ ಅವನಿಗೆ 9 ವರ್ಷ. 1901ರಲ್ಲಿ ಚರ್ಚಿನ ಅಧ್ಯಕ್ಷನಾದ. ಎತ್ತು ಬಿದ್ದದ್ದನ್ನು ಅನುಮಾನಿಸಲು ಕಾರಣವಿಲ್ಲ. ಪ್ಲಾಟ್ ಮತ್ತು ಸ್ವೀಟ್‌ವಾಟರ್ ನದಿಗಳ ನಡುವಿನ ನೆಲ ಚೌಳು, ನಿಂತ ನೀರೂ ಚೌಳು. ಬಾಯಾರಿದ ದನ ಅದನ್ನು ಕುಡಿದರೆ ಹೊಟ್ಟೆಯುಬ್ಬಿ ಬೀಳುತ್ತದೆ. ಆ ಕಾಲದ ಮದ್ದೆಂದರೆ ಹಂದಿಯ ಕೊಬ್ಬಿನ ತುಂಡನ್ನು ಗಂಟಲಿಗೆ ತಳ್ಳುವುದು, ಇಲ್ಲವೇ ವಿನೆಗರ್ ಕುಡಿಸುವುದು. ಕೆಲವು ಏಳುತ್ತಿದ್ದವು, ಬಹಳಷ್ಟು ಏಳುತ್ತಿರಲಿಲ್ಲ. ಈ ಎತ್ತು ಯಾಕೆ ಎದ್ದಿತೆಂದು ಇಷ್ಟು ವರ್ಷಗಳ ಮೇಲೆ ತೀರ್ಪು ಕೊಡುವುದು ಪಶುವೈದ್ಯರಿಗೂ ಆಗದು.

ನನ್ನ ತಕರಾರು ಬೇರೆ. ಆ ಒಂದು ಎತ್ತು ಮೇರಿಯ ಉಳಿದ ಬದುಕನ್ನೆಲ್ಲ ಮರೆಸಿಬಿಟ್ಟಿದೆ.

ಆಕೆ ಹುಟ್ಟಿದ್ದು 1801ರಲ್ಲಿ, ಇಂಗ್ಲೆಂಡಿನಲ್ಲಿ. 1837ರ ಡಿಸೆಂಬರ್‌ನಲ್ಲಿ ಹೈರಮ್ ಸ್ಮಿತ್‌ನನ್ನು ಮದುವೆಯಾದಾಗಲೇ ಮನೆಯಲ್ಲಿ ತಾಯಿ ಸತ್ತ ಐದು ಮಕ್ಕಳು, ಕಿರಿಯದು ಹಸುಗೂಸು. ಮರುವರ್ಷ ಗಂಡ ಮಿಸ್ಸೂರಿಯಲ್ಲಿ ಸೆರೆಯಲ್ಲಿದ್ದಾಗ ಜೋಸೆಫ್ ಹುಟ್ಟಿದ. ಮೇರಿಗೆ ಕಾಯಿಲೆ, ಎದೆಹಾಲಿಲ್ಲ. ತಂಗಿ ಮರ್ಸಿ ತನ್ನ ಮಗುವಿನ ಜೊತೆಗೆ ಅಕ್ಕನ ಮಗುವಿಗೂ ಹಾಲೂಡಿಸಿದಳು. 1844ರ ಜೂನ್ 27ರಂದು ಇಲಿನಾಯ್ ರಾಜ್ಯದ ಕಾರ್ಥೇಜ್ ಜೈಲಿನಲ್ಲಿ ಗುಂಪೊಂದು ಹೈರಮ್‌ನನ್ನು ಗುಂಡಿಟ್ಟು ಕೊಂದಿತು.

ಇನ್ನು ಗಾಡಿಯ ವಿಷಯ. ವಲಸೆ ಹೊರಡುವವರಿಗೆ 1845ರಲ್ಲಿ ಕೊಟ್ಟ ಪಟ್ಟಿಯಲ್ಲಿ ಐದು ಜನಕ್ಕೆ ಒಂದು ಗಟ್ಟಿ ಗಾಡಿ, ಮೂರು ಜೋಡಿ ಎತ್ತು, 1,000 ಪೌಂಡ್ ಹಿಟ್ಟು ಇದ್ದವು. ಹಿಟ್ಟೇ ಸುಮಾರು 450 ಕಿಲೋ, ಅಂದರೆ ಗಾಡಿ ಹೊರುವ ಭಾರದಲ್ಲಿ ಹತ್ತಿರ ಹತ್ತಿರ ಅರ್ಧ. ಮೇರಿಯ ಬಳಿ ಅಷ್ಟು ಎತ್ತುಗಳಿರಲಿಲ್ಲ. ಹಸುಗಳನ್ನೂ ಪಳಗದ ಹೋರಿಗಳನ್ನೂ ನೊಗಕ್ಕೆ ಕಟ್ಟಬೇಕಾಯಿತು. ಜೋಡಿ ಸರಿಹೊಂದದಿದ್ದರೆ ನೊಗ ಓರೆಯಾಗಿ ಹೆಗಲು ಹುಣ್ಣಾಗುತ್ತದೆ. ಗಾಡಿ ಎಳೆದ ಹಸುವಿನ ಹಾಲು ಇಳಿಯುತ್ತದೆ, ಹಾಲು ಇಳಿದರೆ ಮಕ್ಕಳ ಊಟಕ್ಕೇ ಕತ್ತರಿ. ಕೆನೆ ಇದ್ದರೆ ಅದನ್ನು ಮುಚ್ಚಳದ ಪಾತ್ರೆಗೆ ಹಾಕಿ ಗಾಡಿಗೆ ತೂಗುಹಾಕುವುದು ಆ ದಾರಿಯ ರೂಢಿ. ಕಡೆಯುವ ಕೆಲಸವನ್ನು ಗಾಡಿಯ ಕುಲುಕಾಟವೇ ಮಾಡಿ, ಸಂಜೆಗೆ ಬೆಣ್ಣೆ. ಒಲೆಗೆ ಸೌದೆಯಿಲ್ಲದ ಕಡೆ ಒಣಗಿದ ಕಾಡೆಮ್ಮೆ ಸಗಣಿ. ರೊಟ್ಟಿ ಉಬ್ಬಿಸಲು ದಾರಿಯಲ್ಲಿ ಸಿಗುವ ಇಂಡಿಪೆಂಡೆನ್ಸ್ ರಾಕ್ ಎಂಬ ದೊಡ್ಡ ಬಂಡೆಯ ಬಳಿಯ ಕೆರೆಗಳ ಅಂಚಿನಲ್ಲಿ ಬೆಳ್ಳಗೆ ಕಟ್ಟಿದ ಸೋಡಾ ಕೆರೆದುಕೊಳ್ಳುತ್ತಿದ್ದರು. ಚೂರು ಹೆಚ್ಚಾದರೆ ರೊಟ್ಟಿ ಬಾಯಿಗಿಡಲಾಗದಷ್ಟು ಕಹಿ.

ಒಣಹವೆಗೆ ಗಾಲಿಯ ಮರ ಕುಗ್ಗಿ ಕಬ್ಬಿಣದ ಪಟ್ಟಿ ಸಡಿಲವಾಗುತ್ತಿತ್ತು. ರಾತ್ರಿ ಗಾಲಿಯನ್ನು ಹೊಳೆಯಲ್ಲಿ ನೆನೆಹಾಕಿದರೆ ಮರ ಉಬ್ಬಿ ಬಿಗಿಯಾಗುತ್ತದೆ, ಮತ್ತೆ ಬಿಸಿಲಿಗೆ ಸಡಿಲ. ಆಗ ಸಂದಿಗೆ ಮರದ ಬೆಣೆ ಹೊಡೆಯಬೇಕು. ಅಚ್ಚಿಗೆ ಹಚ್ಚಲು ಡಾಂಬರು ಮತ್ತು ಕೊಬ್ಬು ಕಲೆಸಿದ ಬಕೆಟ್ ಗಾಡಿಯ ಹಿಂದೆ ತೂಗುತ್ತಿತ್ತು.

ಇಷ್ಟೆಲ್ಲ ನಿಭಾಯಿಸಿ ಆಕೆ 1848ರ ಸೆಪ್ಟೆಂಬರ್ 23ರಂದು ಕಣಿವೆ ಮುಟ್ಟಿದಳು, ಹೊರೆಯಾಗುತ್ತೀಯೆಂದು ಹಂಗಿಸಿದ್ದ ಆ ನಾಯಕನಿಗಿಂತ ಮೊದಲು!

ಭಕ್ತಿಯ ಬಗ್ಗೆಯೇ ಕೇಳುವುದಾದರೆ ಎತ್ತಿಗಿಂತ ಆಲೂಗೆಡ್ಡೆಯ ಪ್ರಸಂಗ ನನಗೆ ಮುಖ್ಯ. ಒಂದು ವಸಂತದಲ್ಲಿ, ಗೆಡ್ಡೆ ಹೂತಿಟ್ಟಿದ್ದ ಗುಂಡಿ ತೆಗೆದಾಗ ಸಿಕ್ಕವುಗಳಲ್ಲಿ ಒಳ್ಳೆಯವನ್ನೇ ಆರಿಸಿ ದಶಾಂಶದ, ಅಂದರೆ ಗಳಿಕೆಯ ಹತ್ತನೇ ಒಂದು ಪಾಲನ್ನು ಚರ್ಚಿಗೆ ಒಪ್ಪಿಸುವ, ಕಚೇರಿಗೆ ಒಯ್ದಳು. ಬಡ ವಿಧವೆ ಕೊಡಬೇಕಾಗಿಲ್ಲವೆಂದು ಗುಮಾಸ್ತ ಹೇಳಿದ. ನಾಚಿಕೆಯಾಗಬೇಕು ನಿನಗೆ, ನನಗೆ ಬರುವ ಆಶೀರ್ವಾದವನ್ನು ತಪ್ಪಿಸುತ್ತೀಯಾ ಎಂದು ಮೇರಿ ಅವನಿಗೇ ಗದರಿದಳು. ದಶಾಂಶ ಕೊಟ್ಟರೆ ಬೆಳೆ ಹೆಚ್ಚುತ್ತದೆ, ಸಂಸಾರ ನಡೆಯುತ್ತದೆ ಎಂಬ ಲೆಕ್ಕ ಆಕೆಯದು. ಅದರಲ್ಲಿ ವ್ಯವಹಾರವೂ ಇತ್ತು, ಅದನ್ನು ಮುಚ್ಚಿಡುವ ಸಂಕೋಚ ಆಕೆಗಿರಲಿಲ್ಲ.

1852ರ ಸೆಪ್ಟೆಂಬರ್ 21ರಂದು, 51ನೇ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಯ ಪುಟ್ಟ ಹಸಿಇಟ್ಟಿಗೆಯ ಮನೆಯನ್ನು ಈಗ ಸಾಲ್ಟ್ ಲೇಕ್ ಸಿಟಿಯ 'ದಿಸ್ ಈಸ್ ದ ಪ್ಲೇಸ್' ಪಾರ್ಕಿನಲ್ಲಿ ಇಟ್ಟಿದ್ದಾರೆ.