ಬಕನಿಗೆ ಊಟಕ್ಕಿಂತ ನೀರೇ ಜಾಸ್ತಿ

ರೆಡ್‌ಟೇಲ್ ಕ್ಯಾಟ್‌ಫಿಶ್ ಮರಿಯನ್ನು ನೋಡಿ ಬೇಡ ಅನ್ನುವುದು ಕಷ್ಟ. ಬೆರಳುದ್ದದ ಮೈ, ಕಪ್ಪು ಬೆನ್ನು, ಪಕ್ಕದಲ್ಲಿ ಬಿಳಿ ಪಟ್ಟೆ, ಇಷ್ಟುದ್ದ ಮೀಸೆ. ಅಂಗಡಿಯಲ್ಲಿ ಅದು ಎರಡಡಿ ಟ್ಯಾಂಕಿನಲ್ಲಿ ಆರಾಮಾಗಿ ಇರುತ್ತದೆ. ನಮ್ಮ ಮನೆಯದು ನಾಲ್ಕಡಿ, ಧಾರಾಳ ಆಯಿತು ಅನ್ನಿಸುತ್ತದೆ. ಅದು ಅಮೆಜಾನ್, ಒರಿನೋಕೊ ನದಿಗಳ ಮೀನು, ಅಲ್ಲಿ ಮನುಷ್ಯನ ಎದೆಯೆತ್ತರದಷ್ಟು ಉದ್ದ ಬೆಳೆಯುತ್ತದೆ, 50 ಕೆಜಿ ದಾಟಿದ್ದೂ ಸಿಕ್ಕಿದೆ ಅಂತ ಆ ಹೊತ್ತಿನಲ್ಲಿ ಯಾರೂ ಹೇಳುವುದಿಲ್ಲ.

ನನ್ನ ಹತ್ತಿರ ಇರುವುದು ಹಾಗೆ ಯಾರೋ ಇಷ್ಟಪಟ್ಟು ತಂದ ಮರಿ. ಪರಿಚಯದವರೊಬ್ಬರು ಸಾಕಿದ್ದರು. ಮೀನು ಎರಡಡಿ ಆಯಿತು, ಟ್ಯಾಂಕಿನ ಅಗಲ ಒಂದೂವರೆ ಅಡಿ. ತಿರುಗಬೇಕಾದರೆ ಮೈಯನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಮೂತಿಯನ್ನು ಗಾಜಿಗೆ ಉಜ್ಜಿಕೊಂಡೇ ತಿರುಗುತ್ತಿತ್ತು. ಮೂತಿಯ ತುದಿ ಸವೆದು ಬಿಳಿಯಾಗಿತ್ತು. ನನ್ನ ಹತ್ತಿರ ಜಾಗ ಇತ್ತು, ತಂದುಕೊಂಡೆ. ಅದು ಬಂದ ದಿನವೇ ನನ್ನ ಮಗಳು ಅದಕ್ಕೆ ಬಕ ಅಂತ ಹೆಸರಿಟ್ಟಳು. ಬಂಡಿಗಟ್ಟಲೆ ಅನ್ನ ತಿನ್ನುವವನ ಹೆಸರು. ಆದರೆ ಈ ಬಕ ಊಟ ಮಾಡುವುದು ವಾರಕ್ಕೆ ಎರಡು ಸಲ. ಇವನಿಗೆ ಬಂಡಿಗಟ್ಟಲೆ ಬೇಕಾಗುವುದು ನೀರು.

ಟ್ಯಾಂಕ್ ಅಂದರೆ ಎಲ್ಲರೂ ಉದ್ದ ಕೇಳುತ್ತಾರೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಅಗಲ. ಈ ಮೀನು ತಳದಲ್ಲಿ ಬಿದ್ದುಕೊಂಡಿರುವ ಜಾತಿ. ಅದಕ್ಕೆ ಎತ್ತರದ ನೀರಿನಿಂದ ಅಷ್ಟೇನೂ ಲಾಭವಿಲ್ಲ, ನೆಲ ಬೇಕು. ಮೈ ಬಗ್ಗಿಸದೆ ತಿರುಗಬೇಕು ಅಂದರೆ ಅಗಲ ಮೀನಿನ ಉದ್ದಕ್ಕಿಂತ ಚೆನ್ನಾಗಿ ಜಾಸ್ತಿ ಇರಬೇಕು. ಬಕ ಈಗ ಮೂರಡಿ ಇದ್ದಾನೆ. ಅವನ ತೊಟ್ಟಿ 12 ಅಡಿ ಉದ್ದ, 5 ಅಡಿ ಅಗಲ. ನೀರು ನಿಲ್ಲಿಸುವುದು ಎರಡೂವರೆ ಅಡಿ ಮಾತ್ರ. ಅಷ್ಟಕ್ಕೇ 4,200 ಲೀಟರ್ ಮೇಲಾಯಿತು. ಲೀಟರಿಗೆ ಒಂದು ಕೆಜಿ ಅಂದರೂ ನಾಲ್ಕು ಟನ್! ಗಾಜಿನ ಟ್ಯಾಂಕಿನ ಮಾತೇ ಬೇಡ ಅಂತ ನೆಲಮಹಡಿಯಲ್ಲಿ ಸಿಮೆಂಟ್ ಗೋಡೆ ಕಟ್ಟಿಸಿ, ಮುಂದೆ ಮಾತ್ರ ದಪ್ಪ ಗಾಜು ಹಾಕಿಸಿದ್ದೇನೆ. ಮೇಲಿನ ಮುಚ್ಚಳಕ್ಕೂ ಚಿಲಕ ಇದೆ. ಬೆಚ್ಚಿಬಿದ್ದರೆ ಸುಮ್ನೆ ಇಟ್ಟ ಹಲಗೆಯನ್ನು ಎತ್ತಿ ಎಸೆಯುವ ಶಕ್ತಿ ಬಕನಿಗಿದೆ.

ಟ್ಯಾಂಕ್ ಎಷ್ಟಿರುತ್ತೋ ಮೀನೂ ಅಷ್ಟೇ ಬೆಳೆಯುತ್ತದೆ ಅನ್ನುವ ಮಾತು ಕೇಳಿದಾಗೆಲ್ಲ ನನಗೆ ರೇಗುತ್ತದೆ. ಸಣ್ಣ ಟ್ಯಾಂಕಿನಲ್ಲಿ ಕೆಲವು ಮೀನು ಕುಂಠಿತವಾಗುವುದು ನಿಜ. ಅದು ಗಲೀಜು ನೀರು, ಇಕ್ಕಟ್ಟು, ಸರಿಯಿಲ್ಲದ ಊಟದಿಂದ ಆಗುವ ತೊಂದರೆ. ಬೆನ್ನುಮೂಳೆ ಡೊಂಕಾಗುತ್ತದೆ, ಆಯಸ್ಸು ಕಡಿಮೆಯಾಗುತ್ತದೆ. ಅದನ್ನು ಹೊಂದಾಣಿಕೆ ಅಂತ ಕರೆದು ಸಮಾಧಾನ ಮಾಡಿಕೊಳ್ಳುವುದು ನಾವು, ಮೀನಲ್ಲ.

ಲೆಕ್ಕ ಹಾಕಿ ನೋಡಿ. 8 ಸೆಂಟಿಮೀಟರ್ ಮರಿ 64 ಸೆಂಟಿಮೀಟರ್ ಆದರೆ ಉದ್ದ ಎಂಟು ಪಟ್ಟು. ಅಗಲ, ದಪ್ಪವೂ ಹಾಗೇ ಬೆಳೆಯುತ್ತವಲ್ಲ, ತೂಕ ಹೆಚ್ಚುಕಡಿಮೆ 512 ಪಟ್ಟು. ಚೆನ್ನಾಗಿ ತಿನ್ನಿಸಿದರೆ ರೆಡ್‌ಟೇಲ್ ಈ ಗಾತ್ರಕ್ಕೆ ಬರಲು ಹೆಚ್ಚು ವರ್ಷ ಬೇಕಿಲ್ಲ. ತೂಕ ಏರಿದ ಹಾಗೆ ತಿನ್ನುವುದೂ ಏರುತ್ತದೆ, ತಿಂದದ್ದರಲ್ಲಿ ಒಂದು ಪಾಲು ಮೀನಿಗೆ ವಿಷವಾದ ಅಮೋನಿಯ ಆಗಿ ಅದೇ ನೀರಿಗೆ ಬರುತ್ತದೆ. ಫಿಲ್ಟರಿನ ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಅಲ್ಲಿಗೆ ಅವುಗಳ ಕೆಲಸ ಮುಗಿಯಿತು. ನೈಟ್ರೇಟನ್ನು ಹೊರಗೆ ಹಾಕುವುದು ನನ್ನ ಕೆಲಸ. ವಾರಕ್ಕೊಮ್ಮೆ ತೊಟ್ಟಿಯ ಶೇಕಡಾ 40ರಷ್ಟು ನೀರು ಬದಲಾಯಿಸುತ್ತೇನೆ, ಅಂದರೆ ಸುಮಾರು 1,700 ಲೀಟರ್. ಬಕೆಟ್ಟಿನ ಕಾಲ ಯಾವತ್ತೋ ಹೋಯಿತು. ಮೋಟಾರು, ಪೈಪು, ಜೊತೆಗೆ ಹೊಸ ನೀರಿನ ಕ್ಲೋರಿನ್ ಮುರಿಯಲು ಸೋಡಿಯಂ ಥಯೋಸಲ್ಫೇಟ್. ತೆಗೆದ ನೀರು ಗಿಡಗಳಿಗೆ ಹೋಗುತ್ತದೆ. ಅವು ಸೊಕ್ಕಿ ಬೆಳೆದಿವೆ.

ಊಟದ ವಿಷಯಕ್ಕೆ ಬರುತ್ತೇನೆ. ಬರುವ ನೆಂಟರಿಗೆಲ್ಲ ಇದೇ ಬೇಕು. "ಜೀವಂತ ಮೀನು ಹಾಕೋದಿಲ್ವಾ?" ಅಂತ ಕೇಳಿ, ಇಲ್ಲ ಅಂದರೆ ಮುಖ ಸಣ್ಣ ಮಾಡುತ್ತಾರೆ. ಹಾಕುವುದಿಲ್ಲ. ಅಗ್ಗದ ಗೋಲ್ಡ್‌ಫಿಶ್ ಹಾಕಿದರೆ ಅದರ ಜೊತೆ ರೋಗ, ಹುಳ ಎರಡೂ ಬರುತ್ತವೆ. ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಗೋಲ್ಡ್‌ಫಿಶ್ ಮೈಯಲ್ಲಿ ಥಯಾಮಿನೇಸ್ ಅನ್ನುವ ಕಿಣ್ವ ಇದೆ. ಅದು ವಿಟಮಿನ್ ಬಿ1 ಅನ್ನು ಹಾಳು ಮಾಡುತ್ತದೆ. ಅದನ್ನೇ ದಿನಾ ತಿಂದ ಮೀನು ಹೊಟ್ಟೆ ತುಂಬಿಯೂ ಸೊರಗುತ್ತದೆ. ದನ, ಕುರಿ ಮಾಂಸದ ಕೊಬ್ಬೂ ಇವಕ್ಕೆ ಒಗ್ಗುವುದಿಲ್ಲ. ಬಕನಿಗೆ ಸಿಪ್ಪೆ ಸಮೇತ ಸಿಗಡಿ, ಮೀನಿನ ತುಂಡು, ಆಗಾಗ ಎರೆಹುಳು. ಮುಖ್ಯ ಊಟ ಮಾತ್ರ ಮುಳುಗುವ ದೊಡ್ಡ ಪೆಲೆಟ್, ಅಂದರೆ ಗುಳಿಗೆಯಂಥ ಸಿದ್ಧ ಆಹಾರ. ಮೊದಮೊದಲು ಪೆಲೆಟ್ ಉಗುಳುತ್ತಿದ್ದ. ಸಿಗಡಿಯೊಳಗೆ ತುರುಕಿ ಕೊಟ್ಟು ರೂಢಿ ಮಾಡಿಸಿದೆ. ಉಂಡಾದ ಮೇಲೆ ಹೊಟ್ಟೆ ಊದಿಸಿಕೊಂಡು ಮಲಗುತ್ತಾನೆ. ಆಗ ಕೆಣಕಬಾರದು. ಕೆಣಕಿದರೆ ಎಲ್ಲ ಕಕ್ಕುತ್ತಾನೆ, ಆಮೇಲೆ ಆ ವಾರದ ನೀರಿನ ಕೆಲಸ ಎರಡು ಪಟ್ಟು.

ಕಚ್ಚುತ್ತಾ ಅಂತಲೂ ಕೇಳುತ್ತಾರೆ. ಹರಿಯುವ ಹಲ್ಲು ಇದಕ್ಕಿಲ್ಲ. ಬಾಯೊಳಗೆ ಉಪ್ಪುಕಾಗದದಂತೆ ತರಿತರಿಯಾದ ಪಟ್ಟಿಗಳಿವೆ, ಸಿಕ್ಕಿದ್ದು ಜಾರದ ಹಾಗೆ ಹಿಡಿಯಲು. ಬಾಯಿ ಗಬಕ್ಕನೆ ತೆರೆದರೆ ನೀರಿನ ಜೊತೆ ಎದುರಿಗಿದ್ದದ್ದೂ ಒಳಗೆ. ಅದು ತಿನ್ನುವಂಥದ್ದೋ ಅಲ್ಲವೋ ಅನ್ನುವುದು ಆಮೇಲಿನ ಯೋಚನೆ. ಒಮ್ಮೆ ಪೈಪು ಹಿಡಿಸಿದ್ದ ರಬ್ಬರ್ ಬಟ್ಟಲನ್ನು ನುಂಗಿ ಮಾರನೇ ದಿನ ಉಗುಳಿದ. ಕಲ್ಲು, ಥರ್ಮಾಮೀಟರ್ ನುಂಗಿದ ರೆಡ್‌ಟೇಲ್‌ಗಳೂ ಇವೆ. ಅದಕ್ಕೇ ಇಲ್ಲಿ ಜಲ್ಲಿ ಇಲ್ಲ, ನುಣ್ಣನೆ ಮರಳು ಅಷ್ಟೇ. ಹೀಟರ್ ಪಕ್ಕದ ಫಿಲ್ಟರ್ ತೊಟ್ಟಿಯಲ್ಲಿದೆ. ಜೊತೆಗೆ ಬೇರೆ ಮೀನು ಬಿಡುವವರು ಬಾಯಿಯ ಅಗಲ ಅಳೆದು ಸಮಾಧಾನಪಡುತ್ತಾರೆ. ನಾನು ಯಾರನ್ನೂ ಬಿಟ್ಟಿಲ್ಲ. ತನ್ನ ಅರ್ಧದಷ್ಟು ಉದ್ದದ ಮೀನನ್ನೂ ನುಂಗಲು ನೋಡುವ ಜೀವಿ ಇದು, ಸಿಕ್ಕಿಕೊಂಡರೆ ಎರಡೂ ಸಾಯುತ್ತವೆ.

ಹಗಲು ನೋಡಲು ಏನೂ ಇಲ್ಲ, ನಿಜ ಹೇಳಬೇಕಲ್ಲ. ದೀಪ ಆರಿಸಿದ ಮೇಲೆ ಆಟ ಶುರು. ಕ್ಯಾಟ್‌ಫಿಶ್‌ಗಳಿಗೆ ರುಚಿ ತಿಳಿಯುವುದು ನಾಲಿಗೆಯಲ್ಲಷ್ಟೇ ಅಲ್ಲ. ಮೀಸೆ, ಚರ್ಮ, ಮೈಯೆಲ್ಲ ರುಚಿಮೊಗ್ಗು. ಕೆಲವು ಜಾತಿಗಳಲ್ಲಿ ಅವು ಲಕ್ಷಕ್ಕೂ ಜಾಸ್ತಿ. ಕತ್ತಲಲ್ಲಿ ಮೂಲೆಗೆ ಒಂದು ಸಿಗಡಿ ಹಾಕಿದರೆ ಸಾಕು, ಬಕ ಆ ಕಡೆ ಮೀಸೆ ಚಾಚಿಕೊಂಡು ನೇರ ಬರುತ್ತಾನೆ. ನನಗೆ ಈ ಮೀನಿನ ಮೇಲೆ ಪ್ರೀತಿ ಹುಟ್ಟಿಸಿದ್ದು ಇದೇ. ಆದರೆ ಅದೇ ಬರಿ ಚರ್ಮ ಔಷಧಿಗೆ ಸೂಕ್ಷ್ಮ. ಹುರುಪೆ ಇಲ್ಲದ ಮೈ ಅಲ್ವಾ, ತಾಮ್ರ ಬೆರೆತ ಔಷಧಿ ಆದಷ್ಟು ದೂರ ಇಡಬೇಕು.

"ನಮ್ಮದೂ ದೊಡ್ಡದಾಯಿತು, ತಗೊಳ್ತೀರಾ" ಅಂತ ಕೇಳುವವರಿಗೆ ಈಗ ಇಲ್ಲ ಅನ್ನುತ್ತೇನೆ. ದೊಡ್ಡ ಸಾರ್ವಜನಿಕ ಅಕ್ವೇರಿಯಂಗಳೂ ಸಾಮಾನ್ಯವಾಗಿ ಹಾಗೇ ಹೇಳುತ್ತವೆ, ಅವರ ಹತ್ತಿರ ಇಂಥವು ಆಗಲೇ ಇರುತ್ತವೆ. ಹೊಳೆಗೆ, ಕೆರೆಗೆ ಬಿಡುವುದಂತೂ ಆಗದ ಮಾತು. ಗಾಜು ಸ್ವಚ್ಛ ಮಾಡುತ್ತೆ ಅಂತ ತಂದು, ಆಮೇಲೆ ಹೊರಗೆ ಬಿಟ್ಟ ಸಕ್ಕರ್‌ಮೌತ್ ಕ್ಯಾಟ್‌ಫಿಶ್ ಏಷ್ಯಾದ ಎಷ್ಟೋ ನದಿಗಳಲ್ಲಿ ತುಂಬಿಕೊಂಡಿದೆ.

ಬೇಟೆಗಾರ ಮೀಸೆಮೀನೇ ಬೇಕು ಅನ್ನುವವರಿಗೆ ನಾನು ಹೇಳುವುದು ಲೈಮಾ ಶವೆಲ್‌ನೋಸ್. ಚಪ್ಪಟೆ ಮೂತಿ, ಮೈಯುದ್ದಕ್ಕೂ ಕಪ್ಪು ಗೆರೆ, ಗಿಡದ ನಡುವೆ ತಲೆ ಕೆಳಗಾಗಿ ತೇಲುವ ಚಂದದ ಅಭ್ಯಾಸ. ಸಾಮಾನ್ಯವಾಗಿ ಒಂದೂವರೆ ಅಡಿ. ಅದಕ್ಕೂ ಆರಡಿ ಟ್ಯಾಂಕ್ ಬೇಕು, ಎರಡೂವರೆ ಅಡಿ ಅಗಲ ಬೇಕು. ಹೆಸರು ಸರಿಯಾಗಿ ವಿಚಾರಿಸಿ. ಬರೀ ಶವೆಲ್‌ನೋಸ್ ಅಂದರೆ ಟೈಗರ್ ಶವೆಲ್‌ನೋಸ್ ಕೈಗೆ ಕೊಟ್ಟಾರು, ಅದು ಮೂರಡಿ ಮುಟ್ಟುತ್ತದೆ. ಹಿಡಿಯುವಾಗ ಬಲೆ ಹಾಕಬೇಡಿ. ಎದೆರೆಕ್ಕೆಯ ಮುಳ್ಳು ಸೆಟೆದು ನಿಂತರೆ ಬಲೆಗೆ ಸಿಕ್ಕಿಕೊಳ್ಳುತ್ತದೆ, ಬಿಡಿಸಲು ಕತ್ತರಿಯೇ ಬೇಕು. ನೀರಿನೊಳಗೇ ಅಗಲವಾದ ಪ್ಲಾಸ್ಟಿಕ್ ಟಬ್ ಇಟ್ಟು, ಮೀನನ್ನು ಅದರೊಳಕ್ಕೆ ನಿಧಾನ ಅಟ್ಟಿ, ನೀರಿನ ಸಮೇತ ಎತ್ತಿ. ಇಬ್ಬರು ಬೇಕಾಗುತ್ತದೆ.