ಒಂದೇ ಕೀಲಿ ಒತ್ತಿ ಹಾವುಗಳ ಕುಲ ಬದಲಿಸಿದ ದಿನ

ಅಮೆರಿಕದ ಒಂದು ನಿಸರ್ಗ ವಸ್ತುಸಂಗ್ರಹಾಲಯದಲ್ಲಿ ಹಾವುಗಳ ದಾಖಲೆ ನೋಡಿಕೊಳ್ಳುವುದು ನನ್ನ ಕೆಲಸ. ಮದ್ಯಸಾರ ತುಂಬಿದ ಗಾಜಿನ ಜಾಡಿಗಳು, ಒಳಗೆ ಸುರುಳಿ ಸುತ್ತಿದ ಹಾವುಗಳು, ಒಂದೊಂದಕ್ಕೂ ದಾರದಿಂದ ಕಟ್ಟಿದ ಚೀಟಿ. ಚೀಟಿಯಲ್ಲಿ ಇರುವುದನ್ನು ಕಂಪ್ಯೂಟರಿಗೆ ಏರಿಸಬೇಕು, ಹಳೆಯ ಹೆಸರನ್ನು ಈಗಿನ ಹೆಸರಿಗೆ ಹೊಂದಿಸಬೇಕು. ಸೇರಿದ ಮೊದಲ ವರ್ಷ ನಾನು ಮಾಡಿದ ಒಂದು ತಪ್ಪು ಇಂದಿಗೂ ನನ್ನ ಕೈ ಹಿಡಿದು ನಡೆಸುತ್ತಿದೆ.

ಹತ್ತೊಂಬತ್ತನೆಯ ಶತಮಾನದ ಚೀಟಿಗಳಲ್ಲಿ ಅಮೆರಿಕದ ಹವಳದ ಹಾವಿನ ಕುಲದ ಹೆಸರು ‘ಇಲ್ಯಾಪ್ಸ್’. ಈಗ ಅವುಗಳಲ್ಲಿ ಹೆಚ್ಚಿನವು ‘ಮೈಕ್ರೂರಸ್’. ಆ ಹೆಸರನ್ನು ಕೊಟ್ಟವನು ಜರ್ಮನ್ ಪ್ರಾಣಿಶಾಸ್ತ್ರಜ್ಞ ವಾಗ್ಲರ್, 1824ರಲ್ಲಿ. ಒಂದೊಂದಾಗಿ ತಿದ್ದುತ್ತಾ ಕೂರುವುದೇಕೆ ಎಂದು ಇಡೀ ಪಟ್ಟಿಯಲ್ಲಿ ‘ಇಲ್ಯಾಪ್ಸ್’ ಇರುವಲ್ಲೆಲ್ಲ ‘ಮೈಕ್ರೂರಸ್’ ಆಗುವಂತೆ ಒಮ್ಮೆಗೇ ಬದಲಿಸಿ, ಉಳಿಸಿ, ಮನೆಗೆ ಹೋದೆ.

ಮರುದಿನ ಬೆಳಗ್ಗೆ ಮೇಲ್ವಿಚಾರಕಿ ನನ್ನನ್ನು ಕರೆದು ಪರದೆ ತೋರಿಸಿದರು. ‘ಲ್ಯಾಂಪ್ರೊಪೆಲ್ಟಿಸ್ ಮೈಕ್ರೂರಸಾಯ್ಡಿಸ್’ ಎಂಬ, ಭೂಮಿಯ ಮೇಲೆ ಎಲ್ಲೂ ಇಲ್ಲದ ಹಾವೊಂದು ಅಲ್ಲಿ ಹುಟ್ಟಿಕೊಂಡಿತ್ತು. ಅದು ನಿಜವಾಗಿ ‘ಇಲ್ಯಾಪ್ಸಾಯ್ಡಿಸ್’. ಹವಳದ ಹಾವನ್ನು ಅಣಕಿಸುವ, ವಿಷವಿಲ್ಲದ, ಕೆಂಪು-ಕಪ್ಪು-ಹಳದಿ ಪಟ್ಟಿಗಳ ಹಾವು. 1838ರಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಹೋಲ್‌ಬ್ರೂಕ್ ಅದಕ್ಕೆ ‘ಇಲ್ಯಾಪ್ಸ್‌ನಂತಿರುವುದು’ ಎಂಬ ಅರ್ಥದ ಹೆಸರಿಟ್ಟ. ಮುಂದೆ ಹವಳದ ಹಾವು ತನ್ನ ಹೆಸರನ್ನೇ ಕಳಚಿತು. ಅದರ ವೇಷ ತೊಟ್ಟ ಹಾವು ಮಾತ್ರ ಆ ಹಳೆಯ ಹೆಸರನ್ನು ಇನ್ನೂ ಹೊತ್ತುಕೊಂಡಿದೆ. ಮೊದಲು ಇಟ್ಟ ಹೆಸರಿಗೇ ಆದ್ಯತೆ ಎಂಬ ನಾಮಕರಣದ ನಿಯಮ ಅದನ್ನು ಕಾಪಾಡಿದೆ.

ಅದಕ್ಕಿಂತ ದೊಡ್ಡ ಅನಾಹುತ ಇನ್ನೆರಡು ಸಾಲು ಕೆಳಗಿತ್ತು. ದಕ್ಷಿಣ ಆಫ್ರಿಕಾದ ‘ಇಲ್ಯಾಪ್ಸ್ ಲ್ಯಾಕ್ಟಿಯಸ್’ ಕೂಡ ನನ್ನ ಕೈಯಲ್ಲಿ ಅಮೆರಿಕದ ಹವಳದ ಹಾವಾಗಿತ್ತು. ಅದರ ಈಗಿನ ಕುಲ ‘ಹೊಮೊರೊಸಿಲ್ಯಾಪ್ಸ್’. ನಮ್ಮ ನಾಗರಹಾವು, ಕಟ್ಟುಹಾವು ಸೇರಿರುವ ‘ಇಲ್ಯಾಪಿಡೇ’ ಕುಟುಂಬಕ್ಕೆ ಹೆಸರು ಬಂದದ್ದೂ ಆ ‘ಇಲ್ಯಾಪ್ಸ್’ನಿಂದಲೇ. ಒಂದೇ ಪದ, ಮೂರು ಕಡೆ ಮೂರು ಅರ್ಥ.

ಅವರು ಗದರಲಿಲ್ಲ. ಕಪಾಟಿನಿಂದ ಒಂದು ಜಾಡಿ ತೆಗೆದು ಹಾವನ್ನು ಬಿಳಿ ತಟ್ಟೆಯಲ್ಲಿ ಹರಡಿದರು. ಚೀಟಿಯಲ್ಲಿ ‘ಇಲ್ಯಾಪ್ಸ್ ಫುಲ್ವಿಯಸ್’ ಎಂದಿತ್ತು, ನನ್ನ ಪಟ್ಟಿಯಲ್ಲಿ ‘ಮೈಕ್ರೂರಸ್ ಫುಲ್ವಿಯಸ್’. “ಸರಿಯಾಗಿ ನೋಡಿ, ಇದು ಹವಳದ ಹಾವೇ?” ಎಂದರು.

ಮದ್ಯಸಾರದಲ್ಲಿ ವರ್ಷಗಟ್ಟಲೆ ಇದ್ದ ಹಾವಿನಲ್ಲಿ ಕೆಂಪೂ ಇಲ್ಲ, ಹಳದಿಯೂ ಇಲ್ಲ. ಎರಡೂ ಮಾಸಿ ಹಳೆಯ ಕಾಗದದ ಬಣ್ಣಕ್ಕೆ ಬಂದಿರುತ್ತವೆ. ಕೆಂಪು ಹಳದಿಗೆ ತಾಗಿದರೆ ವಿಷ, ಕಪ್ಪಿಗೆ ತಾಗಿದರೆ ಭಯವಿಲ್ಲ ಎಂಬ ಅಮೆರಿಕದ ಪ್ರಾಸ ಅಲ್ಲಿ ಕೆಲಸಕ್ಕೆ ಬಾರದು. (ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ ಜೀವಂತ ಹಾವಿನ ಮುಂದೆಯೂ ಅದನ್ನು ನಂಬಬಾರದು.) ಉಳಿಯುವುದು ಕಪ್ಪು ಮಾತ್ರ. ಫುಲ್ವಿಯಸ್‌ನಲ್ಲಿ ಕಪ್ಪಿನ ಎರಡೂ ಬದಿ ಹಳದಿ, ಆಮೇಲೆ ಕೆಂಪು. ಬಣ್ಣ ಮಾಸಿದ ಮೇಲೆ ಅಗಲವಾದ ಕಪ್ಪು ಪಟ್ಟಿಗಳು ಒಂಟೊಂಟಿಯಾಗಿ ಕಾಣುತ್ತವೆ. ಅಣಕು ಹಾವಿನಲ್ಲಿ ಹಳದಿಯ ಎರಡೂ ಬದಿ ಕಪ್ಪು. ಹಾಗಾಗಿ ಕಪ್ಪು ಪಟ್ಟಿಗಳು ಜೋಡಿಯಾಗಿ ಸಾಗುತ್ತವೆ. ತಟ್ಟೆಯಲ್ಲಿದ್ದ ಹಾವಿನ ಮೇಲೆ ಜೋಡಿಗಳಿದ್ದವು. ಮೂತಿ ಹವಳದ ಹಾವಿನದರಂತೆ ಕಪ್ಪಾಗಿರಲಿಲ್ಲ, ಬಿಳಿಚಿಕೊಂಡಿತ್ತು. ಸೂಜಿಯ ಮೊನೆಯಿಂದ ನಡುಬೆನ್ನಿನ ಹುರುಪೆಗಳ ಸಾಲು ಎಣಿಸಿದೆ: 19. ಹವಳದ ಹಾವಿಗೆ ಇರುವುದು 15. ಹಿಡಿದು ತಂದವನನ್ನೇ ಹಾವು ಮೋಸಗೊಳಿಸಿತ್ತು. ಅವನ ಆ ತಪ್ಪನ್ನು ನಾನು ಹೊಸ ಹೆಸರಿನಲ್ಲಿ ಮುಂದುವರಿಸಿದ್ದೆ, ಜಾಡಿಯ ಮುಚ್ಚಳವನ್ನೂ ತೆಗೆಯದೆ.

ಹಿಂದಿನ ರಾತ್ರಿಯ ನಕಲು ಇದ್ದುದರಿಂದ ಪಟ್ಟಿಯನ್ನು ಮರಳಿ ಪಡೆದೆವು. ಅಂದಿನಿಂದ ನಾನು ಯಾವ ಹೆಸರನ್ನೂ ಅಳಿಸಿ ಬರೆಯುವುದಿಲ್ಲ. ಹಳೆಯದನ್ನು ಹಾಗೆಯೇ ಬಿಟ್ಟು, ಯಾರು, ಯಾವಾಗ, ಏನು ನೋಡಿ ಹೆಸರು ಬದಲಿಸಿದರು ಎಂಬುದನ್ನು ಅದರ ಕೆಳಗೆ ಸೇರಿಸುತ್ತೇನೆ.

ಈ ಎಚ್ಚರ ಹೆಚ್ಚು ಬೇಕಾಗುವುದು ‘ಹಾಲು ಹಾವು’ಗಳ ವಿಷಯದಲ್ಲಿ. ಹಸುವಿನ ಕೆಚ್ಚಲಿಗೆ ಬಾಯಿ ಹಾಕುತ್ತದೆ ಎಂಬ ನಂಬಿಕೆಯಿಂದ ಅಲ್ಲಿನ ರೈತರು ಇಟ್ಟ ಹೆಸರದು. ನಮ್ಮ ಕೊಟ್ಟಿಗೆಯಲ್ಲಿ ಕೆರೆಹಾವಿನ ಮೇಲೆ ಅಜ್ಜಿ ಹೊರಿಸುತ್ತಿದ್ದ ಅದೇ ಆರೋಪ. ಎರಡೂ ಹಾವುಗಳು ನಿರಪರಾಧಿಗಳು. ದಶಕಗಳ ಕಾಲ ಕೆನಡಾದಿಂದ ದಕ್ಷಿಣ ಅಮೆರಿಕದವರೆಗೆ ಇವೆಲ್ಲ ‘ಲ್ಯಾಂಪ್ರೊಪೆಲ್ಟಿಸ್ ಟ್ರಯಾಂಗ್ಯುಲಮ್’ ಎಂಬ ಒಂದೇ ಪ್ರಭೇದದ ಉಪಪ್ರಭೇದಗಳಾಗಿದ್ದವು, ಇಲ್ಯಾಪ್ಸಾಯ್ಡಿಸ್ ಕೂಡ. 2014ರಲ್ಲಿ ಡಿಎನ್‌ಎ ಆಧಾರದ ಅಧ್ಯಯನವೊಂದು ಅವನ್ನು ಏಳು ಪ್ರಭೇದಗಳಾಗಿ ಬೇರ್ಪಡಿಸಿತು. ಈಗ ಹೆಸರು ಹೇಳಬೇಕಾದರೆ ಹಾವು ಎಲ್ಲಿ ಸಿಕ್ಕಿತು ಎಂಬುದು ಮೈಬಣ್ಣದಷ್ಟೇ ಮುಖ್ಯ.

ಕಳೆದ ವಾರ ಒಂದು ಜಾಡಿ ಬಂತು. ಚೀಟಿಯಲ್ಲಿ ಊರಿಲ್ಲ, ‘ಮೆಕ್ಸಿಕೊ’ ಎಂದಷ್ಟೇ ಇದೆ. ಆ ಏಳರಲ್ಲಿ ಒಂದಕ್ಕಿಂತ ಹೆಚ್ಚು ಪ್ರಭೇದಗಳು ಮೆಕ್ಸಿಕೊದಲ್ಲಿವೆ. ಕಪ್ಪು ಪಟ್ಟಿ ಎಣಿಸಿದೆ, ಹುರುಪೆ ಎಣಿಸಿದೆ, ಯಾವುದು ಎಂದು ತೀರ್ಮಾನಿಸಲು ಅವು ಸಾಲಲಿಲ್ಲ. ‘ಟ್ರಯಾಂಗ್ಯುಲಮ್, ಹಳೆಯ ವಿಶಾಲ ಅರ್ಥದಲ್ಲಿ’ ಎಂದು ಹೊಸ ಚೀಟಿಯಲ್ಲಿ ಬರೆದು, ನನ್ನ ಹೆಸರು ಮತ್ತು ದಿನಾಂಕ ಹಾಕಿ, ಹಳೆಯ ಚೀಟಿಯ ಪಕ್ಕದಲ್ಲೇ ಕಟ್ಟಿ ಮುಚ್ಚಳ ಬಿಗಿದೆ.